ಕಿಸೆಯಲ್ಲಿದ್ದ ಪೆಪ್ಪರಮಿಂಟು

ಇದನ್ನು ಬರೆಯಲು ಬಹಳ ದಿನ ಹಿಂದೆಮುಂದೆ ನೋಡಿದೆ.

ಕೋಠಿಯಲ್ಲಿ ಬಸ್ ಹತ್ತಿದ ಸ್ವಲ್ಪ ಹೊತ್ತಿಗೆ ನನ್ನ ಕೈ ನಡುಗಿ, ಮೈಯೆಲ್ಲ ಬೆವರಿತು. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟಿದ್ದೆ. ‘ಅಯ್ಯೋ ಶಿವನೇ’ ಎಂದದ್ದು ಕೇಳಿ, ಕೊರಳಲ್ಲಿ ಕಂಪನಿ ಕಾರ್ಡು ಹಾಕಿಕೊಂಡಿದ್ದ ಪಕ್ಕದ ಹುಡುಗ ಎರಡು ಪೆಪ್ಪರಮಿಂಟು ತೆಗೆದು ನನ್ನ ಬಾಯಿಗಿಟ್ಟ.

“ಚೀಪ್ರಿ ಅಜ್ಜಾರ, ಶುಗರ್ ಇಳದೈತಿ. ನಮ್ಮ ಟೀಮಿನ್ಯಾಗ ಶುಗರಿನವರು ನಾಲ್ಕು ಮಂದಿ ಅದೀವಿ, ಎಲ್ಲಾರ ಕಿಸೆದಾಗೂ ಇವು ಇರ್ತಾವ್ರಿ” ಎಂದು ನಕ್ಕ. ಅವನಿಗೆ ಮೂವತ್ತೂ ತುಂಬಿರಲಿಕ್ಕಿಲ್ಲ.

ನಾನು ನಾಚಾರಂ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದಾಗ ನಮ್ಮಲ್ಲಿ ಸಕ್ಕರೆ ಕಾಯಿಲೆಯವನು ಒಬ್ಬನೇ. ಅದನ್ನೂ ಅವನು ಮುಚ್ಚಿಟ್ಟಿದ್ದ. ಒಂದು ಮಧ್ಯಾಹ್ನ ಮಷಿನ್ ಮುಂದೆ ಹೀಗೇ ನಡುಗುತ್ತ ತೊದಲಿದ. ಕಿಸೆ ನೋಡಿದರೆ ಪೆಪ್ಪರಮಿಂಟು. ಹೆಂಡದ ವಾಸನೆ ಮುಚ್ಚಲು ಇಟ್ಟುಕೊಂಡಿದ್ದಾನೆ ಎಂದು ಮಾಲೀಕರಿಗೆ ಹೇಳಿದವನು ನಾನು. ಅವನ ಕೆಲಸ ಹೋಯಿತು. ನಿಜ ಸಂಗತಿ ತಿಂಗಳೊಳಗೆ ತಿಳಿದರೂ ಅವನ ಮನೆಯ ಕಡೆ ನಾನು ಹೋಗಲಿಲ್ಲ.

ತಾರ್ನಾಕದಲ್ಲಿ ಇಳಿಯುವಾಗ ಹುಡುಗನಿಗೆ ಕೈಮುಗಿದೆ. ಮೊದಲು ಕೈಮುಗಿಯಬೇಕಾಗಿದ್ದದ್ದು ಇನ್ನೊಬ್ಬನಿಗೆ. ಅವನ ಹೆಸರು ಶರಣಪ್ಪ.