ಜೋಡಿ ಸೈಕಲ್ಲಿನ ಹಿಂದಿನ ಸೀಟು

ಒದೀಲ್‌ಳ ಬಾಯಿ ಒಂದು ಕ್ಷಣ ಸುಮ್ಮನಿರುವುದಿಲ್ಲ ಎಂದು ವೋಕ್ಲೇ ಊರಿನವರೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು ಹೋಗಬೇಕು, ಅವರೆಲ್ಲ ಕಣ್ಣು ಕಾಣುವ ಗಂಡಂದಿರನ್ನು ಕಟ್ಟಿಕೊಂಡವರು. ಅವಳ ಗಂಡ ಫಿರ್ಮಾಂ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸದ ಹಲ್ಲು ಮಸೆಯುತ್ತಿದ್ದವನು. ಐವತ್ತು ದಾಟಿದ ಮೇಲೆ ಅವನ ನೋಟ ಅಂಚಿನಿಂದ ಮಾಸುತ್ತ ಬಂತು. ದೀಜೋಂ ಪಟ್ಟಣದ ದೊಡ್ಡ ಡಾಕ್ಟರೂ ಕೈಚೆಲ್ಲಿದರು. ಕೊನೆಗೊಂದು ಚಳಿಗಾಲದಲ್ಲಿ ದೀಪ ಹಾಕಿದರೂ ಆರಿಸಿದರೂ ಅವನಿಗೆ ಒಂದೇ ಆಯಿತು.

ಅಲ್ಲಿಯವರೆಗೆ ಗಂಡ ಹೆಂಡತಿ ಭಾನುವಾರವೆಂದರೆ ಎರಡು ಸೈಕಲ್ ಹತ್ತಿ ಹೊರಟುಬಿಡುತ್ತಿದ್ದರು. ನಮ್ಮ ಮೊರ್ವಾಂ ಸೀಮೆಯ ಕಾಡುರಸ್ತೆಗಳಲ್ಲಿ ವಾರವಿಡೀ ದಿಮ್ಮಿ ಲಾರಿಗಳ ಕಾಟ. ಭಾನುವಾರ ಮಾತ್ರ ಲಾರಿಯಿಲ್ಲ, ಕಾರಿಲ್ಲ, ಬೀಚ್ ಎಂಬ ಎತ್ತರದ ಕಾಡುಮರಗಳ ನಡುವೆ ಸೈಕಲ್ಲಿನ ಚೈನಿನ ಸದ್ದೊಂದೇ. ಮಕ್ಕಳಿಲ್ಲದ ಆ ಇಬ್ಬರಿಗೆ ಚರ್ಚು, ಹಬ್ಬ, ನೆಂಟರಿಷ್ಟರು ಎಲ್ಲ ಆ ರಸ್ತೆಗಳೇ ಆಗಿದ್ದವು. ಕಣ್ಣು ಹೋದ ಮೇಲೆ ಫಿರ್ಮಾಂ ಒಲೆಯ ಮುಂದೆ ಕೂತ. ಹಿಮ ಕರಗಿತು, ಕೋಗಿಲೆ ಕೂಗಿತು, ಅವನು ಏಳಲಿಲ್ಲ.

ಒದೀಲ್ ಶಾಲೆಯ ಅಡುಗೆಮನೆಯಲ್ಲಿ ದಿನಾ ನೂರು ಮಕ್ಕಳನ್ನು ಗದರಿ ಉಣ್ಣಿಸಿದವಳು. ಒಬ್ಬ ಗಂಡನಿಗೆ ಹೆದರುತ್ತಾಳೆಯೇ? ಓತಾಂ ಸಂತೆಗೆ ಹೋದವಳು ಯಾರೋ ಮಾರಲಿಟ್ಟಿದ್ದ ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಹಳೆಯ ಜೋಡಿ ಸೈಕಲ್ಲೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದಳು.

"ಏಳು, ಹಿಂದೆ ಕೂತ್ಕೊ."

"ಹೆಂಗಸಿನ ಬೆನ್ನಿಗೆ ಅಂಟ್ಕೊಂಡು ಹೋದ್ರೆ ಊರೆಲ್ಲ ನಗುತ್ತೆ ಕಣೇ."

"ಊರು ನಕ್ರೆ ನಿಂಗೆ ಕಾಣುತ್ತಾ?"

ಎಂಥ ಮಾತು! ಬೇರೆ ಯಾರಾದರೂ ಆಡಿದ್ದರೆ ಜಗಳವೇ ಆಗುತ್ತಿತ್ತು. ಫಿರ್ಮಾಂ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕವನು ಎದ್ದ.

ಮುಂದೆ ಕೂತವಳಿಗೆ ಹ್ಯಾಂಡಲ್, ಬ್ರೇಕು, ಗೇರು. ಹಿಂದೆ ಕೂತವನಿಗೆ ತುಳಿಯುವುದೊಂದೇ. ಇಬ್ಬರ ಪೆಡಲುಗಳೂ ಚೈನಿನಿಂದ ಜೋಡಿಸಿದ್ದು, ಒಬ್ಬರು ತುಳಿದದ್ದು ಇನ್ನೊಬ್ಬರ ಪಾದಕ್ಕೆ ತಿಳಿಯುತ್ತದೆ. ಆದರೆ ಹಿಂದೆ ಕೂತವನಿಗೆ ಕಣ್ಣಿಲ್ಲ ಎಂದ ಮೇಲೆ ಮುಂದಿನವಳ ನಾಲಿಗೆಗೆ ಬಿಡುವಿಲ್ಲ. "ಎಡಕ್ಕೆ ತಿರುವು... ಗುಂಡಿ, ಕುಂಡೆ ಎತ್ತು... ಏರು ಬಂತು, ತುಳಿ... ಬಿಳೀ ಹಸುಗಳು, ಏಳಿವೆ, ಒಂದು ನಮ್ಮನ್ನೇ ನೋಡ್ತಿದೆ... ಯಾರದೋ ಕಿಟಕಿಗೆ ಹೊಸದಾಗಿ ನೀಲಿ ಹಚ್ಚಿದಾರೆ, ಚೆನ್ನಾಗಿಲ್ಲ." ಹೀಗೆ ಊರು ಬಿಟ್ಟಾಗಿನಿಂದ ಊರು ಸೇರುವವರೆಗೆ. ಮನೆಗೆ ಬಂದರೆ ಗಂಟಲು ಕಟ್ಟಿ ನೀರೂ ಇಳಿಯುತ್ತಿರಲಿಲ್ಲ. ಸುಸ್ತು ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಅವನಿಗೆ ಪ್ರಪಂಚ ಉಳಿದಿದ್ದು ಅಷ್ಟರಲ್ಲೇ ಎಂದು ಅವಳಿಗೆ ಗೊತ್ತಿತ್ತು.

ಜೋಡಿ ಸೈಕಲ್ ಕಂಡರೆ ನಮ್ಮ ಕಡೆ ಯಾರಿಗೂ ಬಾಯಿ ತಡೆಯುವುದಿಲ್ಲ. ಕೆಫೆಯ ಯ್ವೆತ್ ಬಾಗಿಲಲ್ಲಿ ನಿಂತು ಪ್ರತಿ ಭಾನುವಾರ ಅದೇ ಕೂಗು ಹಾಕುತ್ತಿದ್ದಳು: "ಒದೀಲ್, ಹಿಂದಿನೋನು ತುಳೀತಾನೇ ಇಲ್ಲ ಕಣೇ!"

"ತುಳಿಯೋದೆಲ್ಲ ನಾನೇ ಯ್ವೆತ್, ಇವಳು ಬರೀ ರೇಡಿಯೋ!" ಎಂದು ಫಿರ್ಮಾಂ ತಿರುಗಿ ಕೂಗುತ್ತಿದ್ದ. ಹೀಗೆ ಹತ್ತು ವರ್ಷ ಸುಖವಾಗಿಯೇ ಕಳೆಯಿತು ಎನ್ನಬೇಕು.

ಹೊರಡುವುದಕ್ಕೆ ಒಂದು ಕ್ರಮವಿತ್ತು. ಅವಳು ಎರಡೂ ಕಾಲೂರಿ, ಬ್ರೇಕು ಹಿಡಿದು ನಿಲ್ಲಬೇಕು. ಅವನು ಹತ್ತಿ ಕೂತು, ಪೆಡಲಿಗೆ ಕಾಲಿಟ್ಟು, "ಹೊರಡು" ಎನ್ನಬೇಕು. ಆ ಮಾತು ಬರದೆ ಚಕ್ರ ಉರುಳಕೂಡದು. ಆದರೆ ಹತ್ತು ವರ್ಷ ಮಾಡಿದ ಕೆಲಸದಲ್ಲಿ ಕಿವಿ ಎಲ್ಲಿ ಕಾಯುತ್ತದೆ? ಅವನ ಭಾರಕ್ಕೆ ಸೈಕಲ್ ಕುಗ್ಗಿದ್ದು ಕೈಗೆ ತಿಳಿದರೆ ಸಾಕು, ಕಾಲು ತಾನಾಗಿ ನೆಲ ಬಿಡುತ್ತಿತ್ತು.

ಸೆಪ್ಟೆಂಬರಿನ ಒಂದು ಭಾನುವಾರ ಕಲ್ಲು ಶಿಲುಬೆಯ ದಿಬ್ಬದ ನೆತ್ತಿಯಲ್ಲಿ ನಿಂತರು. ಬ್ರೆಡ್ಡು, ಒಣ ಸಾಸೇಜು, ಆಡಿನ ಹಾಲಿನ ಚೀಸು ತಿಂದದ್ದಾಯಿತು. ಅವಳು ಸೈಕಲ್ ಹಿಡಿದು ನಿಂತಳು. ಹಿಂದಿನ ಸೀಟಿನಾಚೆ ಕಟ್ಟಿದ್ದ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ಫಿರ್ಮಾಂ ಅದರ ಮೇಲೆ ಮೈಭಾರವೆಲ್ಲ ಹಾಕಿ ಅದುಮಿ ಪಟ್ಟಿ ಎಳೆದ. ಸೈಕಲ್ ಕುಗ್ಗಿತು. ಅವಳ ಕಾಲು ನೆಲ ಬಿಟ್ಟಿತು.

ಮುಂದೆಲ್ಲ ಇಳಿಜಾರು, ತುಳಿಯುವ ಕೆಲಸವಿಲ್ಲ. ತುಳಿಯುವಂತಿದ್ದರೆ ಅವನಿಲ್ಲದ್ದು ಮೊದಲ ಸುತ್ತಿನಲ್ಲೇ ಅವಳ ಪಾದಕ್ಕೆ ತಿಳಿಯುತ್ತಿತ್ತು. "ಇಳಿಜಾರು, ಕಾಲು ನಿಲ್ಸು," ಎಂದಳು. ಉತ್ತರ ಬರಲಿಲ್ಲ. ಇಳಿಜಾರಿನ ಗಾಳಿಯಲ್ಲಿ ಹಿಂದಿನವನ ದನಿ ಎಂದೂ ಕೇಳಿಸುತ್ತಿರಲಿಲ್ಲ. ಆ ಬೇಸಿಗೆಯಲ್ಲಷ್ಟೇ ಡಾಂಬರು ಹಾಕಿದ್ದ ರಸ್ತೆ ನೇರವಾಗಿ ಹಾಸಿಕೊಂಡಿತ್ತು. ಗುಂಡಿಯಿಲ್ಲ, ತಿರುವಿಲ್ಲ, ಎದುರಿಗೆ ಒಂದು ಹುಳವೂ ಇಲ್ಲ. ಅವನಿಗೆ ಹೇಳಬೇಕಾದ್ದು ಅವಳ ಬಳಿ ಏನೂ ಇರಲಿಲ್ಲ. ಖಾಲಿಯಾದ ಬಾಯಿಗೆ ಒಂದು ಹಾಡು ಬಂತು, ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಹೆಂಗಸರೆಲ್ಲ ಹಾಡುತ್ತಿದ್ದದ್ದು. ಮೊದಲು ಗುನುಗಿದಳು, ಆಮೇಲೆ ಗಂಟಲು ಬಿಟ್ಟು ಹಾಡಿದಳು. ಮೈ ಹಗುರಾಗಿ, ಹುಡುಗಿಯ ಹಾಗೆ, ಕಣಿವೆಯ ತಳದವರೆಗೂ ಹಾಡಿಕೊಂಡೇ ಹೋದಳು.

ತಳದಲ್ಲಿ ಏರು ಶುರುವಾಯಿತು. "ತುಳಿ," ಎಂದಳು. ಕಾಲಡಿಯಲ್ಲಿ ಬೇರೆ ಕಾಲಿನ ಒತ್ತಡವಿರಲಿಲ್ಲ. ಕೈ ಹಿಂದಕ್ಕೆ ಚಾಚಿದಳು. ಖಾಲಿ ಸೀಟಿನ ತೊಗಲು ಸಿಕ್ಕಿತು.

ಆ ಉದ್ದನೆಯ ಸೈಕಲ್ಲನ್ನು ಕಿರಿದಾದ ರಸ್ತೆಯಲ್ಲಿ ತಿರುಗಿಸಲು ಹೋಗಿ ಬಿದ್ದಳು, ಎದ್ದಳು, ಮಂಡಿ ತರಚಿತು. ಏರಿನಲ್ಲಿ ಒಬ್ಬಳೇ ತುಳಿಯಲಾರದೆ ತಳ್ಳಿಕೊಂಡು ಓಡಿದಳು. ಯಾರಾದರೂ ಕಾರಿನಲ್ಲಿ ಬರಬಾರದೇ ಎಂದು ಬದುಕಿನಲ್ಲಿ ಮೊದಲ ಸಲ ಬೇಡಿಕೊಂಡಳು. ಯಾರು ಬರುತ್ತಾರೆ? ಯಾರೂ ಬರುವುದಿಲ್ಲ ಎಂದೇ ತಾನೆ ಆ ರಸ್ತೆಯನ್ನು ಆರಿಸಿಕೊಂಡಿದ್ದು. ಅವನು ತನ್ನನ್ನು ಹುಡುಕಿಕೊಂಡು ಕಾಡಿನೊಳಗೆ ನುಗ್ಗಿದ್ದರೆ? ಚರಂಡಿಗೆ ಬಿದ್ದಿದ್ದರೆ? "ಫಿರ್ಮಾಂ! ಫಿರ್ಮಾಂ!" ಎಂದು ಕಿರುಚುತ್ತ ಹತ್ತಿದಳು.

ಅವನು ಶಿಲುಬೆಯ ಕಟ್ಟೆಯ ಮೇಲೆ, ಮಡಿಲಲ್ಲಿ ಕೈಯಿಟ್ಟುಕೊಂಡು, ಬಸ್ಸಿಗೆ ಕಾಯುವವನಂತೆ ಕೂತಿದ್ದ. ಅವಳು ಸೈಕಲ್ಲನ್ನು ಹುಲ್ಲಿಗೆ ಎಸೆದು ಅವನ ಎದೆಗೆ ಎರಡು ಗುದ್ದಿ, ಆಮೇಲೆ ಅದೇ ಎದೆಗೆ ಮುಖವಿಟ್ಟು ಅತ್ತಳು.

"ಬಾಯಿ ಬಿದ್ದೋಗಿತ್ತಾ ನಿಂಗೆ? ಕೂಗಬಾರದಿತ್ತಾ?"

"ಒಂದ್ಸಲ ಕೂಗ್ದೆ. ಇನ್ನೊಂದ್ಸಲ ಕೂಗೋಣ ಅಂತಿದ್ದೆ. ಅಷ್ಟರಲ್ಲಿ ನೀನು ಹಾಡೋದು ಕೇಳಿಸ್ತು."

ಅವಳು ಅವನ ಎದೆಯಿಂದ ಮುಖ ಎತ್ತಿದಳು.

"ಎಷ್ಟು ವರ್ಷ ಆಯ್ತೇ ನಿನ್ನ ಹಾಡು ಕೇಳಿ," ಎಂದ ಫಿರ್ಮಾಂ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅದನ್ನ ನಿಲ್ಸೋಕೆ ಮನಸ್ಸು ಬರಲಿಲ್ಲ."

ಮನೆಗೆ ಬರುವಾಗ ಅವನು ದಾರಿಯುದ್ದಕ್ಕೂ ಬೇಕಾದ್ದಕ್ಕಿಂತ ಜೋರಾಗಿ ತುಳಿದ. ತನ್ನ ಭಾರವನ್ನು ತಾನೇ ಹೊರಲು ಹೆಣಗುತ್ತಿದ್ದಾನೆ ಎಂದು ಅವಳ ಪಾದಗಳಿಗೆ ಗೊತ್ತಾಗುತ್ತಿತ್ತು. ಮುಂದಿನ ಭಾನುವಾರ ಮಂಡಿ ನೋವೆಂದ. ಅದರ ಮುಂದಿನ ವಾರ ಶೀತ, ಆಮೇಲೆ ಮತ್ತೆ ಮಂಡಿ. ಅದೇ ಮಂಡಿಯಲ್ಲಿ ನೆಲಮಾಳಿಗೆಯ ಕಡಿದಾದ ಮೆಟ್ಟಿಲಿಳಿದು ದಿನಾ ಸೌದೆ ತರುತ್ತಿದ್ದ. ಒದೀಲ್‌ಗೆ ರೇಗಿಹೋಯಿತು.

"ನೀನು ಹಿಂದೆ ಇದ್ದೀಯ ಅಂತ ತಾನೇ ನಾನು ಹಾಡಿದ್ದು! ಇಲ್ಲ ಅಂತ ಗೊತ್ತಿದ್ರೆ ಹಾಡ್ತಿದ್ನಾ?"

"ಹಂಗಾದ್ರೆ ನಾನು ಹಿಂದೆ ಇದ್ದಾಗ ಹತ್ತು ವರ್ಷ ಯಾಕೆ ಹಾಡಲಿಲ್ಲ?"

"ಮಾತಾಡ್ಬೇಕಿತ್ತಲ್ಲೋ, ಮಾರಾಯ! ಗುಂಡಿ ಹೇಳ್ಬೇಕಿತ್ತು, ತಿರುವು ಹೇಳ್ಬೇಕಿತ್ತು!"

"ಅದೇ ಕಣೇ ನಾನು ಹೇಳ್ತಿರೋದು," ಎಂದ ಅವನು ಮೆಲ್ಲಗೆ.

ಆ ರಾತ್ರಿಯಿಂದ ಅವಳನ್ನು ಒಂದೇ ಯೋಚನೆ ಕೊರೆಯತೊಡಗಿತು. ತಾನು ಹೇಳಿದ್ದು ನಿಜವೇ? ರಸ್ತೆ ಚೆನ್ನಾಗಿತ್ತೆಂದು ಹಾಡು ಬಂತೋ, ಇಲ್ಲ ಮನಸ್ಸಿಗೆ ತಿಳಿಯುವ ಮುಂಚೆ ಮೈಗೆ ಅವನಿಲ್ಲದ ಹಗುರು ತಿಳಿದು ಬಂತೋ? ಎಷ್ಟು ಬಗೆದರೂ ಉತ್ತರ ಸಿಗಲಿಲ್ಲ. ಆಣೆಯಿಟ್ಟು ಹೇಳೋಣವೆಂದರೆ ಯಾವುದರ ಮೇಲೆ ಇಡುವುದು? ಮನುಷ್ಯ ತನ್ನ ಹೆಂಡತಿಯ ಸಂತೋಷವನ್ನು ಇಷ್ಟು ನಿಚ್ಚಳವಾಗಿ ಕೇಳಿಸಿಕೊಳ್ಳಬಾರದು ಎಂದು ನನಗನ್ನಿಸುತ್ತದೆ. ಕಣ್ಣು ಕಿತ್ತುಕೊಂಡ ದೇವರು ಅಂಥ ಕಿವಿಯನ್ನು ಬಿಟ್ಟನಲ್ಲ, ಅವನಿಗೆ ಸ್ವಲ್ಪವೂ ಕರುಣೆಯಿಲ್ಲ.

ವಸಂತ ಬಂತು. ಒಂದು ಭಾನುವಾರ ಬೆಳಿಗ್ಗೆ ಅವಳು ಅಂಗಳಕ್ಕೆ ಬಂದರೆ ಜೋಡಿ ಸೈಕಲ್ ಇರಲಿಲ್ಲ. ಅದರ ಜಾಗದಲ್ಲಿ ಅವಳ ಹಳೆಯ ಒಂಟಿ ಸೈಕಲ್ ನಿಂತಿತ್ತು. ಪಕ್ಕದ ಮನೆಯ ಗಾಸ್ತೋಂನ ಕೈಲಿ ಅದನ್ನು ಅಟ್ಟದಿಂದ ಇಳಿಸಿಕೊಂಡು, ಟೈರು ಹಾಕಿಸಿ, ಚೈನಿಗೆ ಫಿರ್ಮಾಂ ತಾನೇ ಎಣ್ಣೆ ಬಿಟ್ಟಿದ್ದ. ಜೋಡಿ ಸೈಕಲ್ಲನ್ನು ನೆವೇರ್ ಪಟ್ಟಣದ ಯಾರಿಗೋ ಕೊಟ್ಟಾಗಿತ್ತು.

"ಹೋಗಿ ಬಾ," ಎಂದ. ಮುಖದಲ್ಲಿ ಉಡುಗೊರೆ ಕೊಟ್ಟವನ ಸಂಭ್ರಮವಿತ್ತು. "ಹಾಡ್ಕೊಂಡು ಹೋಗು. ನಾನಿಲ್ಲಿ ಬಾಗಿಲಲ್ಲಿ ನಿಂತಿರ್ತೀನಿ."

ಹೋಗುವುದಿಲ್ಲ ಎನ್ನಬಹುದಿತ್ತು. ಎಂದಿದ್ದರೆ ತಾನು ಅವಳ ಕಾಲಿಗೆ ಕಟ್ಟಿದ ಕಲ್ಲೆಂದು ಅವನು ಸಾಯುವವರೆಗೂ ಕೊರಗುತ್ತಿದ್ದ. ಅವಳು ಸೈಕಲ್ ಹತ್ತಿದಳು.

ಈಗಲೂ ಪ್ರತಿ ಭಾನುವಾರ ಹೋಗುತ್ತಾಳೆ. ಮನೆಯ ಮುಂದೆ ಹತ್ತಿದವಳೇ ಆ ಹಾಡನ್ನು ಗಟ್ಟಿಯಾಗಿ ಎತ್ತಿಕೊಳ್ಳುತ್ತಾಳೆ. "ಪಾಪ, ಇಷ್ಟು ವರ್ಷದ ಮೇಲೆ ಸ್ವಲ್ಪ ಬಿಡುವು ಸಿಕ್ಕಿದೆ ಅವಳಿಗೆ," ಎಂದು ಯ್ವೆತ್ ಹೇಳುತ್ತಾಳೆ. ಬಟ್ಟೆ ಒಗೆಯುವ ಹಳೆಯ ಕೊಳದ ಹತ್ತಿರ ರಸ್ತೆ ತಿರುಗುತ್ತದೆ. ಅಲ್ಲಿಂದಾಚೆಗೆ ದನಿ ಮನೆಗೆ ಕೇಳಿಸುವುದಿಲ್ಲ. ಅಲ್ಲಿ ಹಾಡು ನಿಲ್ಲುತ್ತದೆ. ಅವಳು ಇಳಿದು, ಸೈಕಲ್ಲನ್ನು ಗೋಡೆಗೊರಗಿಸಿ, ಕೊಳದ ಕಲ್ಲಿನ ಮೇಲೆ ಕೂರುತ್ತಾಳೆ. ಶಿಲುಬೆಯ ದಿಬ್ಬ ಹತ್ತಿ ಬರಲು ಹಿಡಿಯುವಷ್ಟು ಹೊತ್ತು ಕೂತಿರುತ್ತಾಳೆ. ಆಮೇಲೆ ಮುಖ ತೊಳೆದುಕೊಂಡು, ಸೈಕಲ್ ಹತ್ತಿ, ತಿರುವಿನಲ್ಲಿ ಮತ್ತೆ ಹಾಡು ಶುರುಮಾಡುತ್ತಾಳೆ.

ಫಿರ್ಮಾಂ ಬಾಗಿಲಲ್ಲೇ ನಿಂತಿರುತ್ತಾನೆ.

"ಚೆನ್ನಾಗಿತ್ತಾ?"

"ತುಂಬಾ ಚೆನ್ನಾಗಿತ್ತು."

"ರಸ್ತೆ ಖಾಲಿ ಇತ್ತಾ?"

"ಪೂರ್ತಿ ಖಾಲಿ," ಎನ್ನುತ್ತಾಳೆ ಒದೀಲ್. "ಒಬ್ರೂ ಇರಲಿಲ್ಲ."