ಹದಿನೇಳನೇ ಪುಟದ ತಕರಾರು

“ನಾನ್ಯಾವತ್ತು ಗೊರಕೆ ಹೊಡ್ದಿದ್ದೆ ಶಾಚಿರಣ್ಣಾ, ಹೇಳಿ ನೋಡೋಣ!” ಎಂದು ಹಾಯ್ರಾ ಅಜ್ಜಿ ಕಾಫಿ ಬಟ್ಟಲು ಕುಕ್ಕುವಷ್ಟರಲ್ಲಿ ಶಾಚಿರ್ ತಾತ ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಸರಾಯೆವೊಗೆ ಮುತ್ತಿಗೆ ಬಿದ್ದಿದ್ದಾಗ ನೆಲಮಾಳಿಗೆಯಲ್ಲಿ ತಮ್ಮ ಜೊತೆ ಅಡಗಿದ್ದ ನೆರೆಯವರ ಮೇಲೆ ತಲೆಗೊಂದು ಪದ್ಯ ಬರೆದು, ಯುದ್ಧ ಮುಗಿದ ಮೇಲೆ ಪುಸ್ತಕ ಮಾಡಿಸಿದ ಕವಿ ಅವರು. ನೆರೆಯವರು ಬುಧವಾರ ಬುಧವಾರ ಬಂದು ಜಗಳ ತೆಗೆಯುವುದು, ತಾತ ಮನೆಯಲ್ಲಿ ಉಳಿದ ಪ್ರತಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಒಂದೊಂದರಲ್ಲೂ ಕೈಯಾರೆ ತಿದ್ದುವುದು, ಗೊರಕೆ ಹೋಗಿ ನಿಟ್ಟುಸಿರಾಗುವುದು, ಇದನ್ನೆಲ್ಲ ನೋಡುವುದೇ ಒಂದು ಮಜಾ ಎಂದು ಕಾಲೇಜು ಬಿಟ್ಟೊಡನೆ ಓಡಿ ಬರುತ್ತಾಳೆ ಪಕ್ಕದ ಬೀದಿಯ ಹುಡುಗಿ ಮೆಲಿಹಾ. “ಎಲ್ರೂ ಬಂದು ಬೈದ್ರೇನೇ ಪುಸ್ತಕ ಪೂರ್ತಿ ಆಗೋದು ಕಣಮ್ಮಾ” ಎನ್ನುತ್ತಾರೆ ತಾತ. ಹದಿನೇಳನೇ ಪುಟದಲ್ಲಿ ಮಾತ್ರ ಇವತ್ತಿಗೂ ಒಂದು ಗೀಟಿಲ್ಲ. ಅದು ಮುನಿಬನ ಮೇಲಿನ ಪದ್ಯ; ಕೆಂಪು ಕ್ಯಾನ್ ಹಿಡಿದು ನೀರು ತರಲು ಹೋದವನು ವಾಪಸು ಬರಲಿಲ್ಲ, ತಕರಾರು ತೆಗೆಯಲು ಅವನ ಮನೆಯವರೂ ಯಾರೂ ಉಳಿದಿಲ್ಲ. ಹಾಯ್ರಾ ಅಜ್ಜಿ ಎದ್ದು ಹೋದದ್ದೇ ತಡ, ಮೆಲಿಹಾ ಒಂದೇ ಉಸಿರಿಗೆ ಹೇಳಿದಳು: “ತಾತಾ, ಆ ಕ್ಯಾನ್ ಕೆಂಪಲ್ವಂತೆ, ನೀಲಿಯಂತೆ! ನಮ್ಮನೇಲಿರೋ ಅಜ್ಜೀದೇ ಅಂತೆ, ಅವತ್ತು ಅವ್ರೇ ಮುನಿಬನ ಕೈಗೆ ಕೊಟ್ಟಿದ್ದಂತೆ!” ತಾತ ಹದಿನೇಳನೇ ಪುಟ ತೆರೆದು, ‘ಕೆಂಪು’ ಅನ್ನೋ ಪದದ ಹತ್ತಿರ ಪೆನ್ನು ತಂದರು. ಆಮೇಲೆ ಅವರು ಮುಚ್ಚಳ ಹಾಕಿ, ಕಣ್ಣೊರೆಸಿಕೊಂಡು ನಕ್ಕರು. “ಹೀಗೆ ಸುಮ್ನೆ ತಿದ್ದಲ್ಲ ನಾನು. ಮುಂದಿನ ಬುಧವಾರ ನಿಮ್ಮಜ್ಜೀನೂ ಕರ್ಕೊಂಡು ಬಾ. ಅವನ ಪರವಾಗಿ ನಂಗೆ ಚೆನ್ನಾಗಿ ಬೈಲಿ.”