ಬೇವಿನ ಬೊಡ್ಡೆಯಿಂದ ಇಪ್ಪತ್ತೆರಡು ಹೆಜ್ಜೆ

ಸೌಂದರ್ಯಾ ಏನು ಓದಿದರೂ ಜೋರಾಗಿಯೇ ಓದುತ್ತಿದ್ದಳು. ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ಮೀರಿ ಓದಬೇಕೆಂದರೆ ಗಂಟಲು ಬೇಕು. ಅವಳ ತಾಯಿ ಗುರುಬಸವ್ವ ಮತ್ತು ಪಕ್ಕದ ಮನೆಯ ಮುದುಕಿ ನಾನು ಪಡಸಾಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುವಾಗ ಅವಳು ಬಾಗಿಲ ಬೆಳಕಿಗೆ ಕೂತು ಕಾಲೇಜಿನ ಪುಸ್ತಕ ತೆರೆಯುತ್ತಿದ್ದಳು. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಅವಳ ದನಿಯಲ್ಲೇ ಎಷ್ಟೋ ದೇಶ ತಿರುಗಿ ಬಂದೆ.

ಅವರು ಬೀಳಗಿ ಕಡೆಯವರು. ಕಪ್ಪು ಮಣ್ಣಿನ ಎರಿ ಹೊಲ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಇಲ್ಲಿಗೆ ಬಂದರು. ಹೋಯಿತೆಂದರೂ ಪೂರ್ತಿ ಹೋದ ಹೊಲವಲ್ಲ ಅದು. ಬೇಸಿಗೆಯಲ್ಲಿ ನೀರು ಇಳಿದಾಗ ಎರಡು ತಿಂಗಳು ಮೇಲೆ ಕಾಣುತ್ತದೆ. ಅವಳಪ್ಪ ಗಿರಿಮಲ್ಲಪ್ಪ ತೀರಿಕೊಂಡದ್ದು ಅಂಥದೇ ಒಂದು ಬೇಸಿಗೆಯಲ್ಲಿ. ಅವರ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು. ಒಯ್ದು ಅಲ್ಲೇ ಇಟ್ಟು ಬಂದರು. ಮಳೆಗಾಲಕ್ಕೆ ನೀರು ಏರಿತು, ಗುರುತಿನ ಕಲ್ಲು ಹೂಳಿನಲ್ಲಿ ಇಳಿಯಿತು. ಉಳಿದದ್ದು ಬದುವಿನ ಮೇಲಿದ್ದ ಒಣಗಿದ ಬೇವಿನ ಬೊಡ್ಡೆ ಒಂದೇ. ಹನ್ನೆರಡು ವರ್ಷದ ಸೌಂದರ್ಯಾ ಅಲ್ಲಿಂದ ಅಪ್ಪನನ್ನು ಇಟ್ಟ ಜಾಗಕ್ಕೆ ಹೆಜ್ಜೆ ಎಣಿಸಿಟ್ಟುಕೊಂಡಿದ್ದಳು. ಪ್ರತಿ ಬೇಸಿಗೆ ಹೋಗುವಳು, ಎಣಿಸುವಳು, ವಿಭೂತಿ ಬಿಲ್ವಪತ್ರಿ ಇಟ್ಟು ಬರುವಳು. ಗುರುಬಸವ್ವ ಮಾತ್ರ ಎರಡು ವರ್ಷಕ್ಕೇ ಹೋಗುವುದನ್ನು ಬಿಟ್ಟಳು.

ಈ ವರ್ಷ ಅವಳ ಬಿ.ಎ. ಮುಗಿಯುವುದು. ಹೊರದೇಶದ ಕಥೆಗಳ ಪಾಠವಿತ್ತು. ಕಥೆಯ ನಾಡು, ಮಣ್ಣು, ಗಾಳಿ ಓದಿ ನಿಮಗೆ ಏನನ್ನಿಸಿತೋ ಬರೆಯಿರಿ ಎಂದು ಸರ್ ಒಂದು ನೋಟಬುಕ್ ಮಾಡಿಸಿದ್ದರು. ಒಂದು ದಿನ ಹಿಮದ ದೇಶದ ಕಥೆ ಓದಿದಳು. ಚಳಿಗಾಲದಲ್ಲಿ ಒಬ್ಬಳ ಗಂಡ ಸಾಯುತ್ತಾನೆ. ನೆಲ ಕಲ್ಲಾಗಿದೆ, ಗುದ್ದಲಿ ಇಳಿಯುವುದಿಲ್ಲ. ಹೆಣವನ್ನು ಕೊಟ್ಟಿಗೆಯಲ್ಲಿಟ್ಟು, ಹಿಮ ಕರಗಲೆಂದು ಅವಳು ನಾಲ್ಕು ತಿಂಗಳು ಕಾಯುತ್ತಾಳೆ.

ಗುರುಬಸವ್ವನ ರಾಟಿ ನಿಂತಿತು. "ನಾಕ್ ತಿಂಗಳಾ? ವಾಸನಿ ಬರೂದಿಲ್ಲೇನ?"

"ಥಂಡಿ ಹಂಗಿರತೈತಿ ಬೇ ಅಲ್ಲಿ. ಐಸ್‌ಕ್ಯಾಂಡಿ ಡಬ್ಬಿ ಇದ್ದಂಗ."

"ಮುಂದ?"

"ಮುಂದ ನೆಲಾ ತೆರೀತೈತಿ. ಆಂವನ್ನ ಇಡತಾಳ."

ಆ ಸಂಜೆ ಬರೆದದ್ದನ್ನು ನಮಗೆ ಓದಿ ತೋರಿಸಿದಳು. ಒಮ್ಮೆ ಕೇಳಿದ್ದು ನನಗೆ ಮರೆಯುವುದಿಲ್ಲ. 'ಆ ಹೆಣ್ಣುಮಗಳ ನೆಲ ಗಟ್ಟಿ. ಕಾಯಿಸುತ್ತದೆ, ಆದರೆ ಇಟ್ಟಲ್ಲಿ ಇಟ್ಟುಕೊಳ್ಳುತ್ತದೆ. ನಮ್ಮ ನೆಲ ಮೆತ್ತಗೆ. ಬೇವಿನ ಬೊಡ್ಡೆಯಿಂದ ಗುಡ್ಡದ ಗುಡಿಯ ಕಡೆ ಮುಖ ಮಾಡಿ ಇಪ್ಪತ್ತೆರಡು ಹೆಜ್ಜೆ. ನಾನು ಸಣ್ಣವಳಿದ್ದಾಗ ಮೂವತ್ತೊಂದಿತ್ತು. ಅಲ್ಲಿ ನನ್ನ ಅಪ್ಪ ಇದ್ದಾನೆ.'

ಗುರುಬಸವ್ವ ಹರಿದ ಎಳೆಯನ್ನು ಗಂಟು ಹಾಕಿದಳು.

ನೋಟಬುಕ್ ತಿರುಗಿ ಬಂದಾಗ ಆ ಪುಟದ ಮೇಲೆ ಕೆಂಪು ಗೆರೆ. 'ನಿಮ್ಮ ಹೊಲದ ವಿಷಯ ಬೇಡ. ಕಥೆಯ ಬಗ್ಗೆ ಬರೆಯಿರಿ.' ಸರ್ ಕೆಟ್ಟವರಲ್ಲವಂತೆ. ಅರವತ್ತು ನೋಟಬುಕ್ ನೋಡುವವರು.

"ಏನನಸ್ತು ಬರೀರಿ ಅಂದಿದ್ರು. ಅನಿಸಿದ್ದ ಬರದೆ," ಅಂದಳು ಸೌಂದರ್ಯಾ.

"ಅನಿಸಿದ್ದಕ್ಕ ಮಾರ್ಕ್ಸ್ ಹಾಕತಾರೇನ, ಹುಚ್ಚಿ? ಗೈಡ್ ನೋಡಿ ಬರಿ, ಪಾಸಾಗು," ಅಂದಳು ಗುರುಬಸವ್ವ.

ಸೌಂದರ್ಯಾ ಆ ಪುಟ ಹರಿದಳು. ಗೈಡಿನಿಂದ 'ನಿಸರ್ಗದ ರುದ್ರ ರಮಣೀಯ ಚಿತ್ರಣ ಮನಮುಟ್ಟುವಂತಿದೆ' ಎಂದು ಬರೆದಳು. ಪೂರ್ತಿ ಮಾರ್ಕ್ಸ್ ಬಂದವು. ಅಂದಿನಿಂದ ಅವಳು ಮನಸ್ಸಿನಲ್ಲೇ ಓದತೊಡಗಿದಳು. ಮಗ್ಗದ ಸದ್ದೊಂದೇ ಉಳಿಯಿತು.

ಮೇ ತಿಂಗಳಲ್ಲಿ ಬಂದು, "ಆಯಿ, ನೀವರೆ ಬರ್ರಿ, ಅವ್ವ ಬರೂದಿಲ್ಲ," ಅಂದಳು. ಜಮಖಂಡಿಗೆ ಹೋಗಿ ಬೀಳಗಿ ಬಸ್ಸು ಹಿಡಿದೆವು. ಮುಂದೆ ಟಂಟಂ ಆಟೋ, ಆಮೇಲೆ ನಡಿಗೆ.

ನೀರು ದೂರ ಇಳಿದಿತ್ತು. ಆದರೆ ಹೊಲದ ತುಂಬ ಆಳುದ್ದದ ತಗ್ಗುಗಳು. ಇಟ್ಟಂಗಿ ಭಟ್ಟಿಗೆಂದು ಜೆಸಿಬಿಯಿಂದ ಮಣ್ಣು ಎತ್ತಿದ್ದರು. ಟ್ರ್ಯಾಕ್ಟರ್ ಪಕ್ಕ ಒಬ್ಬ ಬೀಡಿ ಸೇದುತ್ತ ಕೂತಿದ್ದ.

"ಕಾಕಾ, ಇಲ್ಲೊಂದು ಬೇವಿನ ಬೊಡ್ಡಿ ಇತ್ತಲ್ರಿ?"

"ಅದನ್ನ ಕಿತ್ತಿ ಭಟ್ಟಿಗಿ ಹಾಕಿ ತಿಂಗಳಾತವ್ವ. ಹುಳಾ ಹಿಡದಿತ್ತು, ಛಲೋ ಉರೀಲೂ ಇಲ್ಲ. ಯಾಕ?"

ಅವಳ ಕೈಯಲ್ಲಿದ್ದ ವಿಭೂತಿ, ಪತ್ರಿ ಆಮೇಲೆ ಅವನ ಕಣ್ಣಿಗೆ ಬಿದ್ದವು. ಬೀಡಿ ಬಿಸುಟು ಎದ್ದು ನಿಂತ. "ನಮಗ ಗೊತ್ತಿರಲಿಲ್ಲವ್ವ. ಮಿಶಿನ್ನಿಗೆ ಏನ ಕಾಣತೈತಿ," ಅಂದ. ಅವಳು ಆ ಮಣ್ಣು ಯಾವ ಊರಿಗೆ ಹೋಯಿತೆಂದೂ ಕೇಳಲಿಲ್ಲ.

ತಗ್ಗಿನ ಅಂಚಿನಲ್ಲಿ ನಿಂತು, "ಆಯಿ, ನಾ ಬರದದ್ದ ನಿಮಗ ನೆನಪೈತಲ್ಲ. ಹೇಳ್ರಿ," ಅಂದಳು.

ಹೇಳಿದೆ, ಒಂದಕ್ಷರ ಬಿಡದೆ. ಗುಡ್ಡದ ಗುಡಿ ಇದ್ದಲ್ಲೇ ಇತ್ತು. ಅವಳು ಅತ್ತ ಮುಖ ಮಾಡಿದಳು, ಎರಡೂ ಪಾದ ಜೋಡಿಸಿದಳು, ಬಲಗಾಲು ಎತ್ತಿದಳು. ಮತ್ತೆ ಇದ್ದಲ್ಲೇ ಇಟ್ಟಳು.

"ಎಲ್ಲಿಂದ ಎಣಸಲಿ, ಆಯಿ?"

ಪತ್ರಿ ಬಾಡುವವರೆಗೂ ನಿಂತಿದ್ದೆವು. ವಿಭೂತಿಯನ್ನು ಹಾಗೇ ಚೀಲದಲ್ಲಿ ಹಾಕಿಕೊಂಡು ಬನಹಟ್ಟಿಗೆ ತಂದಳು.